ತೊಟ್ಟಿಲ ಮೆಮರಿಗೆ ಟಾವೆಲ್ ಹಾಕಿದ್ದು

ಅಳು ಕೇಳಿ ತಾನೇ ತೂಗುವ ತೊಟ್ಟಿಲನ್ನು ಈ ಭೂಮಿಯ ಮೇಲೆ ಮೊದಲು ಮಾಡಿದವನು ನಾನೇ. ಇದು ಸುಳ್ಳು, ಅಂಥವು ಪೇಟೆಗೆ ಎಂದೋ ಬಂದಿವೆ. ಆದರೆ ನನ್ನದರಷ್ಟು ಮಂದಿಯನ್ನು ನಗಿಸಿದ ತೊಟ್ಟಿಲು ಬೇರೆ ಇಲ್ಲ, ಇದು ಮಾತ್ರ ಖರೆ. ಕಲಘಟಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಾಗಿನಿಂದ ಇಂಥವು ನನಗೆ ಗಂಟು ಬೀಳುತ್ತಲೇ ಇರುತ್ತವೆ.

ನಮ್ಮೂರಿನಲ್ಲಿ ಬಣ್ಣದ ತೊಟ್ಟಿಲು ಮಾಡುವ ಕಾಕಾ ಒಬ್ಬರು ತಿರ್ಲಾಪುರದ ಬೀಗರ ಮುಂದೆ ಜಂಭ ಕೊಚ್ಚಿಬಿಟ್ಟಿದ್ದರು: "ಮೊಮ್ಮಗಳ ಹೆಸರಿಡೂ ದಿನಾ ನೋಡ್ರಿ. ಕೂಸು ಅತ್ರ ತೊಟ್ಟಿಲಾ ತಾನ ತೂಗತೈತಿ, ನನ್ನ ಮಗಳ ದನಿಯೊಳಗ ಜೋಗುಳಾನೂ ಹಾಡತೈತಿ."

ಬೀಗತಿ ಮೂಗು ಮುರಿದು "ನೋಡೂಣು" ಅಂದರಂತೆ. ತೊಟ್ಟಿಲು ಕೈಕೊಟ್ಟರೆ ಮಗಳು ಆ ಮನೆಯಲ್ಲಿ ಜೀವನಪೂರ್ತಿ ಮಾತು ಕೇಳಬೇಕು. ಕಾಕಾ ಓಡಿ ಬಂದದ್ದು ನಮ್ಮಲ್ಲಿಗೆ. ಮೋಟಾರು ಕೂಡಿಸಲು ನನ್ನ ಎಲೆಕ್ಟ್ರಿಷಿಯನ್ ದೋಸ್ತ, ಸಾಫ್ಟ್‌ವೇರ್ ಬರೆಯಲು ನಾನು.

ಟಾವೆಲ್

ತೊಟ್ಟಿಲಿಗೆ ಹಾಕಿದ ಬೋರ್ಡಿನ ಮೆಮರಿ ಭಾಳ ಸಣ್ಣದು. ಕೇಳಿದ ಪ್ರತಿ ಸಪ್ಪಳಕ್ಕೂ ಅದರಲ್ಲಿ ಚೂರು ಜಗಾ ಕೊಡಬೇಕು, ಅಳುವೋ ಅಲ್ಲವೋ ನೋಡಬೇಕು, ಆಮೇಲೆ ಜಗಾ ವಾಪಸ್ ತಗೋಬೇಕು. ಈ ಕೊಟ್ಟು ತಗೊಳ್ಳುವ ಕೆಲಸ ಮಾಡುವ ರೆಡಿಮೇಡ್ ಸಾಫ್ಟ್‌ವೇರ್ ಆ ಬೋರ್ಡಿನಲ್ಲಿ ಹಿಡಿಸಲೇ ಇಲ್ಲ. ನಾನೇ ಒಂದು ಬರೆದೆ, ಹುಬ್ಬಳ್ಳಿ ಬಸ್ಸಿನ ಪದ್ಧತಿಯಲ್ಲಿ: ಕಿಡಕಿಯಿಂದ ಟಾವೆಲ್ ಒಗೆದವನದೇ ಸೀಟು.

ತೊಟ್ಟಿಲು ಚಂದಾಗಿ ತೂಗಿತು, ತೂಗಿತು, ಗಪ್ಪನೆ ನಿಂತಿತು.

"ಯಾಕಲೇ?" ಅಂದ ದೋಸ್ತ.

"ಜಗಾ ಮುಗೀತು."

"ಕುಂತಾವರನ್ನ ಇಳಸೀಯಿಲ್ಲೋ?"

"ಇಳಸೂದು ಬರಿಯೂದು ಮರತೇನಿ."

"ಹಂಗಾರ ಇದು ಬಸ್ಸಲ್ಲಲೇ, ಅತ್ತೀಮನಿ. ಬಂದ ಅಳಿಯ ಹೋಗೂದ ಇಲ್ಲ!"

ರಿಪೇರಿಗೆಂದು ಕೂತಿದ್ದ ಗಿರಾಕಿಯೊಬ್ಬ ಮೊಬೈಲ್ ಕಸಿದುಕೊಂಡು ಎದ್ದು ಹೋದ. ಪಾಪ, ಅವನು ಮನೆಅಳಿಯ.

ರಾಶಿ ಮಷೀನು

ಇಳಿಸುವುದನ್ನೂ ಬರೆದೆ. ಆಗ ಇನ್ನೊಂದು ಪೀಡೆ. ಕಾಕಾನ ಮಗಳ ದನಿಯಲ್ಲಿ ರೆಕಾರ್ಡ್ ಮಾಡಿದ ಜೋಗುಳ ಉದ್ದದ್ದು, ಅದಕ್ಕೆ ಒತ್ತಟ್ಟಿಗೇ ಜಗಾ ಬೇಕು. ಖಾಲಿ ಸೀಟುಗಳೇನೋ ಇವೆ. ಆದರೆ ಡ್ರೈವರನ ಬಾಜು ಒಂದು, ಬಾಗಿಲ ಹತ್ತಿರ ಒಂದು, ಕಡೇ ಸಾಲಿನಲ್ಲೊಂದು. ಕಾಕಾನಿಗೆ ಹೇಳಿದೆ.

"ಎಲ್ಲಾರನೂ ಸರಸಪಾ! ಅದನ್ನೇನ ನನ್ನ ಕೇಳತಿ?" ಅಂದರು.

ಸರಿಸಿದೆ. ಸರಿಸಿದ್ದನ್ನು ಮೋಟಾರಿಗೆ ತಿಳಿಸಲಿಲ್ಲ. ಅದು ತನ್ನ ವೇಗದ ಅಂಕಿ ಹುಡುಕಿಕೊಂಡು ಹಳೇ ಸೀಟಿಗೇ ಹೋಯಿತು. ಅಲ್ಲಿ ಯಾರದೋ ಕೆಮ್ಮು ಕೂತಿತ್ತು. ಕೆಮ್ಮನ್ನೇ ವೇಗ ಅಂತ ತಿಳಿದು ತೂಗಿತು ನೋಡ್ರಿ!

ಪುಣ್ಯಕ್ಕೆ ಕೂಸಿನ ಬದಲು ಜೋಳದ ಚೀಲ ಮಲಗಿಸಿದ್ದೆವು. ಅಂಗಡಿ ತುಂಬ ಜೋಳ. ಕಾಕಾ ಮೀಸೆಯೊಳಗಿನ ಕಾಳು ಆರಿಸುತ್ತ ಅಂದರು: "ತಮ್ಮಾ, ನಾ ಹೇಳಿದ್ದು ತೊಟ್ಟಿಲಾ. ನೀ ಕಾಳು ಒಕ್ಕೂ ರಾಶಿ ಮಷೀನ್ ಮಾಡೀದಿ."

ಹೆಸರಿಟ್ಟ ದಿನ

ಕಡೆಗೆ ಜೋಗುಳಕ್ಕೆ ಒಂದು ದೊಡ್ಡ ಸೀಟನ್ನೇ ಮೀಸಲಿಟ್ಟೆ. ಬಸ್ಸು ಪೂರಾ ತುಂಬಿದರೆ ಮಾತ್ರ ಹೊಸಬರು ಜೋಗುಳವನ್ನು ಎಬ್ಬಿಸಿ ಅಲ್ಲಿ ಕೂಡಬಹುದು ಅಂತ ಬರೆದೆ. ಒಂದು ಕೂಸು ಎಷ್ಟಂತ ಗದ್ದಲ ಮಾಡೀತು?

ಹೆಂಗಸರನ್ನು ಮರೆತಿದ್ದೆ. ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಎಲ್ಲರೂ ಸೇರಿ ಗುದ್ದುವುದು ನಮ್ಮ ಕಡೆಯ ಪದ್ಧತಿ. ದಬದಬ ಗುದ್ದು, ಕೂಗು, ಬಳೆ ಸಪ್ಪಳ, ಬಸ್ಸು ತುಂಬಿಹೋಯಿತು. ಅದೇ ಹೊತ್ತಿಗೆ ಬೀಗತಿ ತೊಟ್ಟಿಲ ಮೇಲೆ ಬಗ್ಗಿ, ತಮ್ಮ ತಂಗಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

ಕೂಸು ಅಳತೊಡಗಿತು. ಎಲ್ಲರೂ ಗುದ್ದುವುದು ಬಿಟ್ಟು ತೊಟ್ಟಿಲ ಸುತ್ತ ನೆರೆದರು. ತೊಟ್ಟಿಲು ಮೆಲ್ಲಗೆ ತೂಗಿತು. ಕಾಕಾ ಮಗಳ ಜೋಗುಳಕ್ಕೆ ಕಿವಿಗೊಟ್ಟರು. ತೊಟ್ಟಿಲಿನಿಂದ ಬಂದದ್ದು, ಜೋಗುಳವನ್ನು ಎಬ್ಬಿಸಿ ಅದರ ಸೀಟಿನಲ್ಲಿ ಕೂತಿದ್ದ ಬೀಗತಿಯ ದನಿ:

"ತೊಟ್ಟಿಲಾ ಅಗದೀ ಚೊಲೋ ಐತಿ ಬೇ. ನಮ್ಮ ಕಡೆ ಇಂಥಾದ್ದು ಯಾರೂ ಕಂಡಿಲ್ಲ. ಬಾಯಿ ಬಿಟ್ಟಗಿಟ್ಟೀ ಮತ್ತ, ಬೀಗರು ತಲೀ ಮ್ಯಾಲೆ ಕುಂಡರತಾರ!"

ಮಂದಿ ಬಿದ್ದುಬಿದ್ದು ನಕ್ಕರು. ಆ ನಗೆಯನ್ನೂ ಅಳು ಅಂತ ತಿಳಿದು ತೊಟ್ಟಿಲು ಮತ್ತೆ ಅದನ್ನೇ ಹಾಡಿತು. ಬೀಗತಿ ಮುಖಕ್ಕೆ ಸೆರಗು ಮುಚ್ಚಿ "ಬಂದ್ ಮಾಡ್ರೀ ಅದನ್ನ!" ಅಂತ ಒದರಿದರು. ದೋಸ್ತ ಸ್ವಿಚ್ಚಿಗೆ ಕೈ ಹಾಕಿದ. ಕಾಕಾ ಅವನ ಕೈ ಹಿಡಿದರು:

"ಇರಲಿ ಬಿಡಪಾ. ಕೂಸು ಇನ್ನೂ ಪೂರಾ ಮಲಗಿಲ್ಲ."

ಇದನ್ನು ನಾನು ಬೇಕಂತಲೇ ಮಾಡಿದ್ದು ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ನಂಬಿದ್ದರೆ ನನ್ನ ಚಾದ ರೊಕ್ಕ ನೀವ ಕೊಡ್ರಿ. ನಂಬದಿದ್ದರೂ ಕೊಡ್ರಿ, ಪಾಕೀಟು ಮನ್ಯಾಗ ಬಿಟ್ಟು ಬಂದೀನಿ.