ನೀವು ಹೇಳೋದೂ ಸರಿ

ಅಮ್ಮ: ಮಗಳು ಹೀಗಾಗಿರೋದು ನಿಮ್ಮಿಂದಲೇ ಕಣ್ರೀ. ನೂರಕ್ಕೆ ನೂರು ನಿಮ್ಮಿಂದಲೇ!

ಅಪ್ಪ: ಹೌದು ಕಣೇ.

ಅಮ್ಮ: ಹೌದು ಅನ್ಬೇಡಿ! ಆ ಹೌದೇ ರೋಗ!

ಅಪ್ಪ: ಅದೂ ಸರಿನೇ.

ಅಮ್ಮ ಹಣೆ ಚಚ್ಚಿಕೊಂಡಳು. ಮುಂದೆ ಕಟಿಂಗ್ ಶಾಪು, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯಾಚೆ ಟಿವಿಯಲ್ಲಿ ಒಂದು ಹಿಂಡು ಜನ ಒಟ್ಟಿಗೆ ಕಿರುಚುತ್ತಿದ್ದರು. ಅದು ಅಮ್ಮನ ಮೆಚ್ಚಿನ ಚರ್ಚೆಯ ಕಾರ್ಯಕ್ರಮ. ಈಚೆ ಗಿರಾಕಿಗಳ ಬೆಂಚಿನ ಮೇಲೆ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಶಾಲೆಯ ಅಣಕು ಸಂಸತ್ತಿನಲ್ಲಿ ಅವಳು ವಿರೋಧ ಪಕ್ಷದ ನಾಯಕಿ. ನಾಳೆ ಅಪ್ಪ ಅಮ್ಮಂದಿರ ಎದುರು ಪ್ರದರ್ಶನ. ಇವತ್ತು ತಾಲೀಮಿನಲ್ಲಿ ಮಾನ ಹೋಗಿತ್ತು.

ಅಪ್ಪ: ಏನಾಯ್ತು ಪುಟ್ಟಿ, ಇನ್ನೊಂದ್ಸಲ ಹೇಳು.

ಮಗಳು: ಆಡಳಿತ ಪಕ್ಷದವಳು ಎದ್ದು, ಶಾಲೇಲಿ ಆಟದ ಪೀರಿಯಡ್ಡೇ ರದ್ದು ಅಂದ್ಲಪ್ಪ. ನಾನು ಎದ್ದು ನಿಂತೆ...

ಅಪ್ಪ: ನಿಂತು?

ಮಗಳು: ಮಾನ್ಯ ಮಂತ್ರಿಗಳು ಹೇಳೋದೂ ಸರಿ ಅಂದು ಕೂತ್ಕೊಂಡೆ.

ಅಮ್ಮ: ಕೇಳಿದ್ರಾ! ಇವಳ ಪಕ್ಷದವರು ಮುಖ ಮುಚ್ಕೊಂಡ್ರಂತೆ. ಆ ಮಂತ್ರಿ ಹುಡುಗಿ ಗೊಳೋ ಅಂತ ಅತ್ತಳಂತೆ!

ಅಪ್ಪ: ಗೆದ್ದವಳು ಯಾಕಮ್ಮ ಅತ್ತಳು?

ಮಗಳು: ರಾತ್ರಿಯೆಲ್ಲಾ ಕೂತು ಉತ್ತರ ಬಾಯಿಪಾಠ ಮಾಡಿದ್ಲಂತೆ. ನಾನು ಒಂದು ಪ್ರಶ್ನೇನೂ ಕೇಳಲಿಲ್ಲ ಅಂತ.

ಅಪ್ಪನಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಹೋಗಿ ಬ್ರಷ್ಷು ತೊಳೆಯುವವನಂತೆ ನಟಿಸಿದ.

ಅಮ್ಮ: ಇದೆಲ್ಲ ಈ ಬೆಂಚಿನ ವಿದ್ಯೆ. ಚಿಕ್ಕಂದಿನಿಂದ ಇಲ್ಲೇ ಕೂತು ಹೋಂವರ್ಕ್ ಮಾಡಿದ್ಲು. ಸರ್ಕಾರ ಚಿನ್ನ ಅಂತ ಒಬ್ಬ ಬಂದ, ನೀವು ಹೌದು ಅಂದ್ರಿ. ಸರ್ಕಾರನ ಕಿತ್ತು ಬಿಸಾಕಬೇಕು ಅಂತ ಇನ್ನೊಬ್ಬ ಬಂದ, ಅವನಿಗೂ ಹೌದು ಅಂದ್ರಿ!

ಅಪ್ಪ: ಲೇ, ರೇಜರ್ ಹಿಡ್ಕೊಂಡು ವಾದ ಮಾಡಕ್ಕಾಗತ್ತಾ? ಅಲ್ಲ ಅಂದ್ರೆ ಗಿರಾಕಿ ತಲೆ ಅಲ್ಲಾಡಿಸ್ತಾನೆ. ತಲೆ ಅಲ್ಲಾಡಿದ್ರೆ ಕಿವಿ ನನ್ನ ಕೈಗೆ ಬರತ್ತೆ. ಹೌದು ಅಂದ್ರೆ ನೆಮ್ಮದಿಯಾಗಿ ಕೂತಿರ್ತಾನೆ. ಇಷ್ಟು ವರ್ಷದಲ್ಲಿ ಒಬ್ಬರ ಕಿವಿಗೂ ಗಾಯ ಇಲ್ಲ, ಗೊತ್ತಾ?

ಅಮ್ಮ: ಕಿವಿಗಳೇನೋ ಉಳಿದ್ವು. ಮಗಳು ಕೆಟ್ಟಳು!

ಅಪ್ಪ: ನಿನ್ನ ಟಿವಿಯಾದ್ರೂ ಏನು ಕಲಿಸ್ತು? ದಿನಾ ಸಂಜೆ ಅದರ ಮುಂದೆ ನಿಂತು ನೀನೂ ಕಿರುಚ್ತೀಯಲ್ಲ!

ಅಮ್ಮ: ಅದು ರಾಜಕೀಯ ಪ್ರಜ್ಞೆ ರೀ!

ಅಪ್ಪ: ಅವರಿಗೆ ನಿನ್ನ ಮಾತು ಕೇಳಿಸತ್ತಾ?

ಅಮ್ಮ: ಅವರಿಗೆ ಅವರ ಮಾತೇ ಕೇಳಿಸಲ್ಲ, ನಂದೆಲ್ಲಿ ಕೇಳಿಸತ್ತೆ!

ಮಗಳು: ಅಮ್ಮ ಹೇಳೋದೂ ಸರಿ ಅಪ್ಪ.

ಇಬ್ಬರೂ ತಿರುಗಿ ಅವಳನ್ನೇ ದುರುಗುಟ್ಟಿ ನೋಡಿದರು. ಹುಡುಗಿಯ ಕಣ್ಣು ತುಂಬಿಕೊಂಡಿತು.

ಮಗಳು: ನಾಳೆಯೊಳಗೆ ವಿರೋಧಿಸೋದು ಕಲೀದಿದ್ರೆ ಮೇಷ್ಟ್ರು ಆ ಜಾಗ ಬೇರೆಯವರಿಗೆ ಕೊಡ್ತಾರಂತೆ. ನಂಗೆ ಆ ಜಾಗ ಬೇಕಪ್ಪ. ಯೂನಿಫಾರ್ಮ್ ಕೂಡ ಇಸ್ತ್ರಿ ಮಾಡಿಟ್ಟಿದೀನಿ.

ಅಪ್ಪ ಬ್ರಷ್ಷು ಕೆಳಗಿಟ್ಟ. ಅವಳು ಏನನ್ನೂ ಬೇಕು ಎಂದು ಕೇಳುವ ಜಾತಿಯಲ್ಲ. ಅಂಗಡಿಯಲ್ಲಿ ರಿಬ್ಬನ್ ಆರಿಸು ಎಂದರೂ ಅಂಗಡಿಯವನು ಕೊಟ್ಟದ್ದೇ ಚೆನ್ನಾಗಿದೆ ಎನ್ನುವವಳು.

ಅಪ್ಪ: ಅಳಬೇಡ ಪುಟ್ಟಿ. ನಾನು ಕಲಿಸ್ತೀನಿ.

ಅಮ್ಮ: ನೀವಾ? ಎಲ್ಲಿ, ಮೊದಲು ನನಗೆ ಒಂದು ‘ಇಲ್ಲ’ ಅನ್ನಿ ನೋಡೋಣ.

ಅಪ್ಪ: ನಿನಗಾ? ಮದುವೆಯಾದಾಗಿಂದ ಅಂದಿಲ್ಲವಲ್ಲೇ, ನಾಲಿಗೆ ತಿರುಗಬೇಕಲ್ಲ!

ಅಮ್ಮ: ಹಾಗಾದ್ರೆ ಈಗ ಬರೋ ಗಿರಾಕಿಗೆ ಅನ್ನಿ. ಮಗಳು ಕಣ್ಣಾರೆ ನೋಡಿ ಕಲೀಲಿ.

ಹೇಳಿ ಬಾಯಿ ಮುಚ್ಚಿಲ್ಲ, ಬಾಗಿಲಲ್ಲಿ ಸಮಾಜ ಪಾಠದ ಮೇಷ್ಟ್ರು! ಶಾಲೆಯಲ್ಲಿ ಸಂಸತ್ತು ನಡೆಸುವವರು ಅವರೇ. ಅವರಿಗಿಂತ ಅವರ ಮೀಸೆ ದೊಡ್ಡದು. ನಾಳೆಯ ಸಭೆಗೆ ಅದನ್ನು ತಿದ್ದಿಸಿಕೊಳ್ಳಲು ಬಂದಿದ್ದರು. ಅಮ್ಮ ಸರಕ್ಕನೆ ಪರದೆಯ ಹಿಂದೆ ಸರಿದಳು, ಕಣ್ಣೊಂದನ್ನು ಮಾತ್ರ ಹೊರಗೆ ಬಿಟ್ಟು.

ಮೇಷ್ಟ್ರು: ಅಂಚು ಮಾತ್ರ ತಿದ್ದಿ. ಹಾಂ, ನಿಮ್ಮ ಮಗಳ ವಿಷಯ ಕೇಳಿದ್ರಲ್ಲ? ತಪ್ಪು ಶಾಲೇದಲ್ಲ. ಪ್ರಶ್ನೆ ಕೇಳೋದನ್ನ ನಾವು ಎಷ್ಟು ಚೆನ್ನಾಗಿ ಕಲಿಸ್ತೀವಿ!

ಮಗಳು: ಹೌದಪ್ಪ. ಅವತ್ತು ಪಾಠದ ಮಧ್ಯೆ ನಾನೊಂದು ಪ್ರಶ್ನೆ ಕೇಳಿದೆ. ಸರ್ ಹೇಳಿದ್ರು, ಸುಮ್ನೆ ಕೂತ್ಕೊಂಡು ಬರ್ಕೋ: ‘ಪ್ರಶ್ನೆ ಕೇಳುವುದು ಪ್ರಜೆಯ ಹಕ್ಕು’ ಅಂತ.

ಮೇಷ್ಟ್ರು: ನೋಡಿ, ಎಷ್ಟು ಚೆನ್ನಾಗಿ ನೆನಪಿದೆ!

ಅಪ್ಪ ಬಟ್ಟೆ ಹೊದಿಸಿದ, ನೊರೆ ಹಚ್ಚಿದ, ರೇಜರ್ ಎತ್ತಿದ. ಪರದೆಯ ಸಂದಿಯಿಂದ ಹೆಂಡತಿಯ ಕೈ ಹೊರಬಂದು ‘ಅನ್ನಿ, ಅನ್ನಿ’ ಎಂದು ಸನ್ನೆ ಮಾಡುತ್ತಿತ್ತು. ಇಷ್ಟು ದಿನ ಸಿಕ್ಕಸಿಕ್ಕವರಿಗೆಲ್ಲ ಸಲೀಸಾಗಿ ಹೌದು ಹಂಚಿದ ಅವನ ಬಾಯಿಗೆ ಒಂದು ಇಲ್ಲ ಹೊರಡಿಸುವುದು ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟವಾಗಿತ್ತು.

ಮೇಷ್ಟ್ರು: ಬೆನ್ನೆಲುಬು ಮನೆಯಿಂದ ಬರಬೇಕು ಕಣ್ರೀ. ಅಪ್ಪ ಅನ್ನಿಸಿಕೊಂಡವನು ಗಟ್ಟಿ ಇದ್ರೆ ಮಕ್ಕಳು ಗಟ್ಟಿ. ಹೌದು ತಾನೇ?

ಅಪ್ಪ ಕಣ್ಣು ಮುಚ್ಚಿಕೊಂಡ. ಆ ಕಸುಬಿನವರು ಮಾಡಬಾರದ ಕೆಲಸ ಅದು. ಉಸಿರು ಎಳೆದ.

ಅಪ್ಪ: ಇಲ್ಲಾ!

ಮೇಷ್ಟ್ರು ಕುರ್ಚಿಯಿಂದ ಅರ್ಧ ಅಡಿ ಹಾರಿದರು. ರೇಜರ್ ಸರ್ರೆಂದಿತು. ಬಿಳಿ ಬಟ್ಟೆಯ ಮೇಲೆ ಕರಿಯದೇನೋ ಮೆತ್ತಗೆ ಬಂದು ಬಿತ್ತು. ಪುಣ್ಯಕ್ಕೆ ಚರ್ಮಕ್ಕೇನೂ ಆಗಿರಲಿಲ್ಲ. ಪರದೆಯಾಚೆ ಟಿವಿ ಕೂಡ ಗಪ್‌ಚುಪ್ಪಾಯಿತು. ಅಮ್ಮ ಗಾಬರಿಯಲ್ಲಿ ಕೈಲಿದ್ದ ರಿಮೋಟ್ ಒತ್ತಿಬಿಟ್ಟಿದ್ದಳು.

ಮೇಷ್ಟ್ರು: ಏನದು ಬಿದ್ದಿದ್ದು?

ಅಪ್ಪ: ಏನಿಲ್ಲ ಸರ್. ಅಂಚು.

ಮೇಷ್ಟ್ರು: ಇಷ್ಟು ದೊಡ್ಡ ಅಂಚಾ? ಕನ್ನಡಿ ಕೊಡಿ!

ಕನ್ನಡಿಯಲ್ಲಿ ಎಡಗಡೆ ಹುಲಿಮೀಸೆ, ಬಲಗಡೆ ಬಯಲು. ಮೇಷ್ಟ್ರು ಆ ಬಯಲನ್ನು ಬೆರಳಿಂದ ಸವರಿದರು.

ಮೇಷ್ಟ್ರು: ಹೇ... ಹೇಗೆ ಕಾಣ್ತಿದೆ?

ಅಪ್ಪ: ಒಳ್ಳೇ ಕಳೆ ಬಂತು ಸರ್! ಮುಖಕ್ಕೆ ಗಾಳಿ ಆಡತ್ತೆ!

ಅಮ್ಮ: (ಪರದೆಯಿಂದ) ವಯಸ್ಸೂ ಕಮ್ಮಿ ಕಾಣ್ತಿದೆ ಮೇಷ್ಟ್ರೇ, ಅರ್ಧಕ್ಕರ್ಧ!

ಮೇಷ್ಟ್ರು ಆಸೆಯಿಂದ ಬೆಂಚಿನ ಕಡೆ ತಿರುಗಿದರು. ಮಗಳು ಎದ್ದು ನಿಂತಳು, ತಾಲೀಮಿನಲ್ಲಿ ನಿಂತ ಹಾಗೆಯೇ, ಕೈಕಟ್ಟಿಕೊಂಡು. ಅಪ್ಪ ಎದೆ ಹಿಡಿದುಕೊಂಡ.

ಮಗಳು: ಚೆನ್ನಾಗಿಲ್ಲ ಸರ್.

ಮೇಷ್ಟ್ರು: ಏನಂದೆ?

ಮಗಳು: ಒಂಚೂರೂ ಚೆನ್ನಾಗಿಲ್ಲ. ಅಪ್ಪ ಸುಳ್ಳು ಹೇಳ್ತಿದಾನೆ, ಅಮ್ಮ ಅವನಿಗೆ ಬೆಂಬಲ ಕೊಡ್ತಿದಾಳೆ. ಇದನ್ನ ನಾನು ಖಂಡಿಸ್ತೀನಿ!

ಮೇಷ್ಟ್ರು ಕನ್ನಡಿ ಕೆಳಗಿಟ್ಟರು. ಆಮೇಲೆ ಉಳಿದ ಅರ್ಧ ಮೀಸೆ ಕುಣಿಸುತ್ತ ಚಪ್ಪಾಳೆ ತಟ್ಟಿದರು.

ಮೇಷ್ಟ್ರು: ಭೇಷ್! ಖಂಡಿಸಿಬಿಟ್ಟಳು! ಜಾಗ ನಿಂದೇ ಕಣಮ್ಮ! ನಾಳೆ ಹೀಗೇ ಮುಖಕ್ಕೆ ಹೊಡೆದಂಗೆ ಮಾತಾಡು. ನೋಡಿ, ಇದು ನನ್ನ ಪಾಠದ ಫಲ!

ಅಮ್ಮ: (ಹೊರಗೆ ನುಗ್ಗಿ) ಯಾರು ಹೇಳಿದ್ದು? ಖಂಡಿಸ್ತೀನಿ ಅನ್ನೋ ಮಾತು ನನ್ನ ಟಿವಿದು!

ಮೇಷ್ಟ್ರು: ಟಿವಿ ಮಕ್ಕಳನ್ನ ಕೆಡಿಸತ್ತೆ ತಾಯಿ.

ಅಮ್ಮ: ಶಾಲೆ ಏನು ಉದ್ಧಾರ ಮಾಡತ್ತೆ? ಬರ್ಕೋ ಅನ್ನತ್ತೆ!

ಅಪ್ಪ ತನ್ನಿಂದ ಮಗಳಿಗೆ ಬಂದದ್ದೇನು ಎಂದು ಹುಡುಕಿದ. ಬಟ್ಟೆಯ ಮೇಲೆ ಬಿದ್ದ ಅರ್ಧ ಮೀಸೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆದರೂ ಸಂತೋಷದಿಂದ ತನ್ನಷ್ಟಕ್ಕೆ ನಕ್ಕ. ಮೇಷ್ಟ್ರನ್ನು ಹಿಂದಕ್ಕೆ ಒರಗಿಸಿ, ಉಳಿದರ್ಧಕ್ಕೆ ನೊರೆ ಹಚ್ಚಿ, ರೇಜರ್ ಇಟ್ಟ.

ಮೇಷ್ಟ್ರು: ನೀನೇ ಹೇಳಮ್ಮ. ನಿನಗೆ ಧೈರ್ಯ ಕಲಿಸಿದ್ದು ಯಾರು? ಶಾಲೆ ತಾನೇ?

ಅಮ್ಮ: ಟಿವಿ ತಾನೇ?

ಮಗಳು ಮೇಷ್ಟ್ರನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅಪ್ಪನ ಮುಖದಲ್ಲಿದ್ದಂಥದೇ ಒಂದು ನಗು ಅವಳ ಮುಖದಲ್ಲೂ ಅರಳಿತು.

ಮಗಳು: ನೀವು ಹೇಳೋದೂ ಸರಿ ಸರ್. ಅಮ್ಮ ಹೇಳೋದೂ ಸರಿ.

ಮೇಷ್ಟ್ರು: ಅಯ್ಯಯ್ಯೋ, ಮತ್ತೆ ಅದೇ! ಇಲ್ಲ, ಇದು ಆಗಲ್ಲ, ಆ ಜಾಗ...

ಅಪ್ಪ: ಸರ್, ಸರ್! ತಲೆ ಅಲ್ಲಾಡಿಸಬೇಡಿ. ರೇಜರ್ ಮೂಗಿನ ಕೆಳಗಿದೆ. ಜಾಗ ಅವಳದೇ ಅಲ್ವಾ ಸರ್?

ಮೇಷ್ಟ್ರು: (ಅಲ್ಲಾಡದೆ) ...ನೀವು ಹೇಳೋದೂ ಸರಿ.