ಯಾರೋ ತೆರೆದಿಟ್ಟ ಫೈಲು

ಇದನ್ನು ಬರೆಯೋಕೆ ಕೂತು ಒಂದು ಸಾಲು ಮುಗಿದಿಲ್ಲ, ಮಗಳು ಬಂದು ಪೆನ್ನು ಕಿತ್ತುಕೊಂಡಳು. ಗೋಡೆ ಮೇಲೆ ಆನೆ ಬರೆಯಬೇಕಂತೆ. ಆನೆಗೆ ಬಾಲ ಬರುವವರೆಗೂ ನಾನು ಕಾಯಬೇಕು. ಮನೆಯಲ್ಲಿ ಪೆನ್ನು, ಅಂಗಡಿಯಲ್ಲಿ ಫೈಲು. ನನಗೆ ಬೇಕಾದ ಹೊತ್ತಿಗೆ ಅದು ಇನ್ನೊಬ್ಬರ ಕೈಯಲ್ಲೇ ಇರುತ್ತೆ.

ಅಂಗಡಿ ಅಂದರೆ ಪಿರಿಯಾಪಟ್ಟಣದ ಒಂದು ಡಿಟಿಪಿ ಅಂಗಡಿ. ಎಸೆಸೆಲ್ಸಿಗೆ ಓದು ಮುಗಿಸಿದ ನಾನು ಅಲ್ಲಿ ಅರ್ಜಿ, ಮದುವೆ ಕಾರ್ಡು ಟೈಪ್ ಮಾಡ್ತೀನಿ. ಅಲ್ಲಿರೋ ಎರಡು ಕಂಪ್ಯೂಟರನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಒಂದು ಕಡೆ ತೆರೆದ ಫೈಲನ್ನು ಮುಚ್ಚದೆ ಬಿಟ್ಟರೆ ಇನ್ನೊಂದು ಕಡೆ ತಿದ್ದೋಕೆ ಕಂಪ್ಯೂಟರ್ ಬಿಡಲ್ಲ. ‘ಇದನ್ನು ಬೇರೆ ಯಾರೋ ತೆರೆದಿದ್ದಾರೆ’ ಅಂತ ಹೇಳಿ ಸುಮ್ಮನಾಗುತ್ತೆ. ಸುಮ್ಮನಾಗದವರು ಗಿರಾಕಿಗಳು.

೧. ಜೇಬಿನಲ್ಲಿದ್ದ ಪೆನ್ ಡ್ರೈವ್

ಹಾರನಹಳ್ಳಿ ಕಡೆಯ ಯಜಮಾನರೊಬ್ಬರು ಅರ್ಜಿ ತಿದ್ದಿಸಲು ಪೆನ್ ಡ್ರೈವ್ ತಂದರು. ಹಿಂದಿನ ದಿನ ನಾನು ಫೈಲ್ ಮುಚ್ಚುವ ಮೊದಲೇ ಅದನ್ನು ಕಿತ್ತುಕೊಂಡು ಬಸ್ಸಿಗೆ ಓಡಿದ್ದವರು ಅವರೇ.

“ಬೇರೆ ಯಾರೋ ತೆರೆದಿದ್ದಾರೆ ಅಂತ ತೋರಿಸ್ತಿದೆ ಯಜಮಾನ್ರೇ.”

“ಯಾರವ್ವ ತೆಗೆಯೋರು? ನನ್ ಅಂಗಿ ಜೇಬಲ್ಲೇ ಇತ್ತು!”

ಅವರು ಕಿತ್ತದ್ದರಿಂದಲೇ ಹೀಗಾಯಿತು ಅಂತ ಬಿಡಿಸಿ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಯೋಚಿಸಿದರು.

“ಬೆಳಗ್ಗೆ ಅಂಗಿ ಒಗೆಯಕ್ಕೆ ತಕ್ಕಂಡೋಳು ನಮ್ಮನೆಯವ್ಳು. ಅವ್ಳಿಗೆ ಓದಕ್ಕೆ ಬರಕ್ಕಿಲ್ಲ ಅಂತ ಇಷ್ಟ್ ವರ್ಷ ನಂಬ್ಕಂಡಿದ್ನಲ್ಲವ್ವ!”

೨. ಗಂಡಿನ ಹೆಸರು

ಇನ್ನೊಂದು ಸಲ ನಮ್ಮ ಓನರ್ ತನ್ನ ಕಂಪ್ಯೂಟರಿನಲ್ಲಿ ಒಂದು ಮದುವೆ ಕಾರ್ಡು ತೆರೆದಿಟ್ಟು, ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ ಎಚ್.ಡಿ. ಕೋಟೆಗೆ ಹೋಗಿಬಿಟ್ಟರು. ನಾನು ಜಾಣತನ ಮಾಡಿ ಆ ಫೈಲಿನದೊಂದು ಕಾಪಿ ಮಾಡಿಕೊಂಡು ತಿದ್ದಿದೆ. ಓನರ್ ವಾಪಸ್ ಬಂದು ಪ್ರೆಸ್ಸಿಗೆ ಕಳಿಸಿದ್ದು ಹಳೆಯದನ್ನು. ಅದರಲ್ಲಿ ವರನ ಜಾಗದಲ್ಲಿ ನಾನು ಗುರುತಿಗೆ ಅಂತ ಟೈಪ್ ಮಾಡಿದ್ದ ಸಾಲು ಹಾಗೇ ಇತ್ತು: ‘ಚಿ. ರಾ. ಗಂಡಿನ ಹೆಸರು ಆಮೇಲೆ ಹೇಳ್ತಾರೆ’. ಹಾಗೇ ಪ್ರಿಂಟಾಯಿತು.

ಹೆಣ್ಣಿನ ಕಡೆಯವರೆಲ್ಲ ಬಂದು ಕೂಗಾಡಿದರು. ಅವರಜ್ಜಿ ಮಾತ್ರ ಕಾರ್ಡನ್ನು ಓದಿಸಿ ಕೇಳಿ, “ಇದ್ರಲ್ಲೇನ್ರೋ ತಪ್ಪು? ನಂಗೂ ತಾಳಿ ಕಟ್ಟುಸ್ಕಂಡ ಮೇಲೇ ಹೇಳಿದ್ದು” ಅಂದರು.

ಅವತ್ತಿನಿಂದ ಅಂಗಡಿಯಲ್ಲಿ ಕಾಪಿ ಮಾಡಿಕೊಳ್ಳೋದು ಬಂದ್.

೩. ಕುರ್ಚಿ ಬಿಡದ ದೊಡ್ಡಪ್ಪ

ಮೊನ್ನೆಯದು ಇವೆಲ್ಲವನ್ನೂ ಮೀರಿಸಿತು. ಹನಗೋಡಿನ ಗಂಡು, ನಮ್ಮೂರ ಹೆಣ್ಣು. ಹುಡುಗಿಗೆ ಅಪ್ಪ ಇಲ್ಲ, ಸಾಕಿ ಓದಿಸಿದ್ದು ಸೋದರಮಾವ. ಕಾರ್ಡಿನಲ್ಲಿ ಅವರ ಹೆಸರೇ ಬಿಟ್ಟುಹೋಗಿತ್ತು. ನಾಲ್ಕು ಗಂಟೆಗೆ ಪ್ರೆಸ್ಸಿಗೆ ಫೈಲ್ ಹೋಗಬೇಕು. ಹುಡುಗಿ ತಾಯಿಯ ಜೊತೆ ಓಡೋಡಿ ಬಂದಳು. ಕಣ್ಣಲ್ಲಿ ನೀರು.

“ಅಕ್ಕ, ಮಾವನ ಹೆಸರಿಲ್ದೆ ಕಾರ್ಡು ತಗೊಂಡು ಅವ್ರ ಮುಂದೆ ಎಂಗಕ್ಕ ನಿಲ್ಲಲಿ?”

ಫೈಲ್ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಿತ್ತು. ಅದರ ಮುಂದೆ ಗಂಡಿನ ದೊಡ್ಡಪ್ಪ. ಆಗಷ್ಟೇ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸಿಕೊಂಡಿದ್ದರು.

“ನೀವು ಸ್ವಲ್ಪ ಎದ್ರೆ ಮುಚ್ತೀನಿ. ಅದು ತೆರೆದಿರೋಗಂಟ ಇಲ್ಲಿ ತಿದ್ದೋಕಾಗಲ್ಲ,” ಅಂದೆ.

“ಇನ್ನೊಂದು ಹೆಸ್ರು ಸೇರ್ಸುದ್ರೆ ನಂದು ಸಣ್ಣದಾಯ್ತದಾ?”

“ಸ್ವಲ್ಪ ಆಗುತ್ತೆ.”

“ಅಂಗಾದ್ರೆ ಏಳಕ್ಕಿಲ್ಲ ಬುಡು.” ಮೌಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹುಡುಗಿಯ ತಾಯಿ ಜಗಳ ಆಡಲಿಲ್ಲ. ನಗುನಗುತ್ತಾ ಟೀ ತರಿಸಿದರು. “ಕುಡೀರಿ ಬೀಗ್ರೇ, ಬಿಸ್ಲಲ್ಲಿ ಬಂದಿದ್ದೀರಿ.” ಆಮೇಲೆ ಎಳನೀರು. ಆಮೇಲೆ ಮಜ್ಜಿಗೆ. ಆಮೇಲೆ ಮತ್ತೆ ಟೀ. ಬೀಗರ ಉಪಚಾರ ಬೇಡ ಅನ್ನೋಕಾಗುತ್ತಾ? ಮೂರೂಮುಕ್ಕಾಲಿಗೆ ದೊಡ್ಡಪ್ಪ ಕಾಲ ಮೇಲೆ ಕಾಲು ಹಾಕಿದರು. ಆಮೇಲೆ ಆ ಕಾಲು ಬದಲಾಯಿಸಿದರು. ಹಣೆಯಲ್ಲಿ ಬೆವರು. ಕೊನೆಗೆ ಹೊರಗೆ ಬೈಕ್ ಮೇಲೆ ಕೂತಿದ್ದ ಮದುವೆ ಗಂಡನ್ನು ಕೂಗಿದರು.

“ಬಾರ್ಲಾ, ಇಲ್ಲಿ ಕುಂತ್ಕ. ಯಾರೇ ಹೇಳುದ್ರೂ ಏಳ್ಬೇಡ!” ಹುಡುಗನನ್ನು ಕುರ್ಚಿಗೆ ತಳ್ಳಿ, ಪಂಚೆ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದರು.

ಹುಡುಗಿ ಕಣ್ಣೊರೆಸಿಕೊಂಡು ಅವನ ಪಕ್ಕ ನಿಂತಳು. ಬೈಯಲಿಲ್ಲ, ಬೇಡಲಿಲ್ಲ.

“ಏಳ್ರೀ,” ಅಂದಳು.

ಎದ್ದ.

ಮುಚ್ಚಿದೆ, ಈ ಕಡೆ ತೆರೆದೆ, ಸೋದರಮಾವನ ಹೆಸರು ಸೇರಿಸಿದೆ, ಪ್ರೆಸ್ಸಿಗೆ ಕಳಿಸಿದೆ. ನಾಲ್ಕಕ್ಕೆ ಇನ್ನೂ ಎರಡು ನಿಮಿಷ ಇತ್ತು.

ದೊಡ್ಡಪ್ಪ ನಿರಾಳವಾಗಿ ವಾಪಸ್ ಬಂದರು. ಖಾಲಿ ಕುರ್ಚಿ ನೋಡಿದರು. ಗೋಡೆಗೆ ಒರಗಿ ನಿಂತಿದ್ದ ಹುಡುಗನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡರೆ, ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

“ಮದ್ವೆಗೆ ಇನ್ನೂ ಒಂದು ತಿಂಗ್ಳೈತೆ ಕಣವ್ವ, ಈಗ್ಲೇ ಇಂಗೆ ಎದ್ದವ್ನೆ. ಆಮೇಕೆ ಇವುನ್ನ ಕೂರ್ಸದು ಎಂಗವ್ವ?”