ಐದನೆಯ ಹಾಡಿಗೆ ಎಮ್ಮೆಯ ತಕರಾರು

"ಇದನ್ನು ನಾನೊಬ್ಬಳೇ ಮಾಡುತ್ತೇನೆ" ಎಂದು ನಾನು ಹಟ ಹಿಡಿದಾಗಲೆಲ್ಲ ಯಾರಾದರೂ ಬಂದು ನಡುವೆ ಕಾಲು ಹಾಕುತ್ತಾರೆ. ಈ ಸಲ ಕಾಲು ಹಾಕಿದವರಲ್ಲಿ ಒಬ್ಬರಿಗೆ ನಾಲ್ಕು ಕಾಲಿದ್ದವು.

೧. ಅಳತೆ ತಪ್ಪಿದ ಪಟ್ಟಿ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಒಂದೇ ಮಷಿನ್ನಿನಿಂದ ಶುರುವಾದದ್ದು, ಈಗ ಆರು ಓಡುತ್ತವೆ. ಊರಿನ ಸಣ್ಣ ರೇಡಿಯೋ ಕೇಂದ್ರದ ಹುಡುಗಿ ಸೀರೆಗೆ ಜಂಪರ್ ಹೊಲಿಸಲು ಬಂದವಳು, "ಅಕ್ಕಾರ, ನಮ್ಮ ಕಾರ್ಯಕ್ರಮಕ್ಕ ಬರ್ರಿ. ನಿಮ್ಮ ಜೀವಕ್ಕ ಹತ್ತಿದ ಐದು ಹಾಡು ಆರಿಸಿ, ಯಾಕ ಅಂತ ಹೇಳ್ರಿ" ಎಂದಳು.

ನಾನು ಸಾಲೆಗೆ ಹೋದವಳಲ್ಲ. ಅಕ್ಷರ ಕಲಿತದ್ದು ಜಂಪರಿನ ಅಳತೆಗೆ ಕತ್ತರಿಸುವ ಹಳೆಯ ಪೇಪರಿನಿಂದ. ತೋಳಿನ ಆಕಾರಕ್ಕೆ ಕತ್ತರಿಸಿದ ಮೇಲೆ ಅದರಲ್ಲಿದ್ದ ಕಥೆಯ ಕೊನೆ ಯಾವಾಗಲೂ ಇನ್ನೊಂದು ತುಂಡಿನ ಜೊತೆ ಹೋಗಿರುತ್ತಿತ್ತು. ಕೊನೆಯನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಮುಂದೆ ಪೂರ್ತಿ ಪುಸ್ತಕಗಳನ್ನು ಓದಿದಾಗ, ಎಷ್ಟೋ ಕಡೆ ನನ್ನ ಕೊನೆಯೇ ಚೆನ್ನಾಗಿತ್ತು ಅನ್ನಿಸಿದೆ.

ಅಂಥವಳಿಗೆ ಐದು ಹಾಡು ಯಾವ ಲೆಕ್ಕ? ಪೇಪರಿನ ಅಂಚಿನಲ್ಲಿ ಬರೆಯುತ್ತ ಹೋದೆ, ಹದಿನಾಲ್ಕಾದವು. ಎರಡು ದಿನ ಕಳೆದರೂ ಒಂದನ್ನೂ ಹೊಡೆದುಹಾಕಲು ಕೈ ಬರಲಿಲ್ಲ. ಮೂರನೆಯ ದಿನ ಮದುವೆಮನೆಯವರ ಅವಸರಕ್ಕೆ ಅದೇ ಪೇಪರಿನ ಮೇಲೆ ತೋಳು ಗುರುತು ಹಾಕಿ ಕತ್ತರಿ ಓಡಿಸಿಬಿಟ್ಟೆ. ಉಳಿದದ್ದು ಮೂರೇ ಹಾಡು: ಮೊದಲ ಮಷಿನ್ ಕೊಂಡ ದಿನ ಎದುರಿನ ಚಹಾ ಅಂಗಡಿಯಲ್ಲಿ ಹಾಕಿದ್ದು, ಮಗಳು ಸಾಲೆಯಲ್ಲಿ ಕುಣಿದದ್ದು, ಪಕ್ಕದ ಮನೆಯ ಬೀಬಿ ಸೀರೆಗೆ ಫಾಲ್ ಹಚ್ಚುತ್ತ ಗುನುಗುತ್ತಿದ್ದದ್ದು.

"ಭಾಳ ಚಲೋ ಆರಿಸೀರಿ! ಹೆಂಗ ಆರಿಸಿದ್ರಿ?" ಎಂದಳು ರೇಡಿಯೋ ಹುಡುಗಿ.

"ಅಳತಿ ತಗೊಂಡು," ಎಂದೆ.

೨. ಗಂಡನ ಪಾಲು

ನಾಲ್ಕನೆಯ ಹಾಡನ್ನು ಗಂಡನಿಗೆ ಬಿಟ್ಟೆ. ಅವರು ಸಾಂಬ್ರಾ ಕಡೆ ಟೆಂಪೋ ಓಡಿಸುತ್ತಾರೆ, ಮಾತು ಕಡಿಮೆ. ಅವತ್ತು ಮಾತ್ರ ಥಟ್ಟನೆ ಒಂದು ಹಾಡಿನ ಹೆಸರು ಹೇಳಿದರು. "ನಿನ್ನ ನೋಡಾಕ ಬಂದಾಗ ನಿಮ್ಮ ಮನಿ ರೇಡಿಯೋದಾಗ ಇದೇ ಹಾಡ ಹತ್ತಿತ್ತು. ನೀ ಚಹಾ ತಂದಿ. ಕಪ್ಪು ನಡಗತಿತ್ತು."

ಪಟ್ಟಿಗೆ ಬರೆಯಲು ಪೆನ್ಸಿಲ್ ಎತ್ತಿದೆ. ಆಮೇಲೆ ನೆನಪಾಯಿತು.

"ರೀ, ನಮ್ಮ ಮನ್ಯಾಗ ಆವಾಗ ರೇಡಿಯೋನೇ ಇರಲಿಲ್ಲ. ನಾ ಕೊಟ್ಟಿದ್ದು ಮಜ್ಜಿಗಿ."

ಅವರು ಟೆಂಪೋದ ಕೀಲಿ ತೆಗೆದುಕೊಂಡು ಎದ್ದರು. "ಹಂಗಾರ ಅದು ಮೊದಲ ನೋಡಿದ ಮನಿ ಇರಬೇಕು."

ಎರಡು ದಿನ ಮಾತು ಬಿಟ್ಟೆ. ಆಮೇಲೆ ಯೋಚಿಸಿದೆ: ಅಂಥ ಹಾಡನ್ನೂ ಚಹಾವನ್ನೂ ಬಿಟ್ಟು ನನ್ನ ಮಜ್ಜಿಗೆಗೆ ಬಂದರಲ್ಲ! ಪ್ರೀತಿ ಉಕ್ಕಿ ಅದೇ ಹಾಡನ್ನು ಪಟ್ಟಿಗೆ ಸೇರಿಸಿದೆ. "ಖರೇ ಹೇಳ್ರಿ, ಆಕಿನ್ನ ಯಾಕ ಒಲ್ಲೆ ಅಂದ್ರಿ?"

"ನಾ ಎಲ್ಲಿ ಅಂದೆ? ಆಕೀನೇ ಅಂದ್ಲು."

೩. ಅವ್ವ ಯಾರಿಗೆ ಹಾಡಿದಳು?

ಐದನೆಯದು ಅವ್ವನ ಹಾಡು. ಅದಕ್ಕೆ ಹೆಸರಿಲ್ಲ. ಅರ್ಧ ಕನ್ನಡ, ಅರ್ಧ ಮರಾಠಿ, ನಮ್ಮ ಖಾನಾಪುರದ ಮಾತಿನ ಹಾಗೆ. ನನ್ನನ್ನು ತೊಟ್ಟಿಲಲ್ಲಿ ಮಲಗಿಸಿ ಹಾಡುತ್ತಿದ್ದಳು. ನನಗೆ ನೆನಪಿದ್ದದ್ದು ಎರಡೇ ಸಾಲು. ಅವ್ವ ಹೋಗಿ ಹನ್ನೆರಡು ವರ್ಷವಾಯಿತು, ಅವಳ ದನಿ ಎಲ್ಲೂ ಉಳಿದಿಲ್ಲ. ಈ ಹಾಡೂ ಹೋದರೆ ಅವಳದೆಂದು ನನ್ನ ಬಳಿ ಏನೂ ಇರುವುದಿಲ್ಲ. ಇದನ್ನು ಪೂರ್ತಿ ಮಾಡಲೇಬೇಕಿತ್ತು.

ಖಾನಾಪುರದಲ್ಲಿರುವ ಅಕ್ಕನನ್ನು ಕೇಳಬೇಕು. ಅವ್ವನ ಮೂಗುತಿಯ ವಿಷಯಕ್ಕೆ ಜಗಳವಾಡಿದ ಮೇಲೆ ನಾನು ಅವಳ ಹೊಸ್ತಿಲು ತುಳಿದಿರಲಿಲ್ಲ. ಹಾಡಿಗಾಗಿ ಅಭಿಮಾನ ನುಂಗಿ ಬಸ್ಸು ಹತ್ತಿದೆ.

"ಅವ್ವ ನನಗ ಹಾಡತಿದ್ದ ಹಾಡು ಬೇಕಾಗೇತಿ" ಎಂದೆ.

"ನಿನಗ?" ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಅದು ನನ್ನ ಹಾಡು. ನೀ ಹುಟ್ಟೂಕಿಂತ ಮೊದಲೇ ನನಗ ಹಾಡ್ಯಾಳ."

"ನಿನಗ ಹಾಡಿದ್ದರ ಇಷ್ಟ ಜೋರ ಆಗತಿದ್ದಿಲ್ಲ ನಿನ್ನ ಬಾಯಿ!"

ಐವತ್ತು ದಾಟಿದ ಇಬ್ಬರ ಗದ್ದಲಕ್ಕೆ ಒಳಗೆ ಮಲಗಿದ್ದ ಕಾಕು ಎದ್ದು ಬಂದಳು. ನಮ್ಮ ಕಾಕನ ಹೆಂಡತಿ, ಅವ್ವನ ಜೊತೆ ಒಂದೇ ಮನೆಯಲ್ಲಿ ಬಾಳಿದವಳು.

"ಹುಚ್ಚ ಹುಡುಗ್ಯಾರ, ಆಕಿ ಹಾಡತಿದ್ದದ್ದು ಎಮ್ಮಿಗೆ. ಹಾಡದಿದ್ದರ ಅದು ಹಾಲ ಇಳಸತಿದ್ದಿಲ್ಲ. ನಿಮ್ಮ ತೊಟ್ಟಲಾ ಬಾಜೂಕ ಇರತಿತ್ತು. ಆ ಹಾಡಿಗೆ ನೀವು ಪುಕ್ಕಟ ಮಲಗತಿದ್ರಿ."

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳದು. ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ನನ್ನ ಎರಡು ಸಾಲಿಗೆ ಅಕ್ಕನ ಆರು ಸಾಲು ಸೇರಿದವು. ಮುಂದಿನದು ಕಾಕುವಿಗೂ ಬಾರದು. ನಾವಿಬ್ಬರೂ ಅಷ್ಟು ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದೆವು. ಹಾಡಿನ ಕೊನೆ ಗೊತ್ತಿದ್ದದ್ದು ಎಮ್ಮೆಗೊಂದೇ.

೪. ತಕರಾರು

ಕೊನೆಯಿಲ್ಲದ ಕಥೆಗಳಿಗೆ ಕೊನೆ ಕಟ್ಟಿದವಳು ನಾನು, ಹಾಡಿಗೆ ಬಿಡುತ್ತೇನೆಯೇ? ಎರಡು ಸಾಲು ಕಟ್ಟಿದೆ. ಅಕ್ಕನನ್ನೂ ಬೆಳಗಾವಿಯ ರೇಡಿಯೋ ಕೇಂದ್ರಕ್ಕೆ ಎಳೆದುಕೊಂಡು ಬಂದು, ನೆನಪಿದ್ದ ಎಂಟೂ ಸಾಲು ಅವಳಿಂದ ಹಾಡಿಸಿ, ನಾನು ಕಟ್ಟಿದ ಕೊನೆಯ ಎರಡನ್ನು ನಾನೇ ಹಾಡಿದೆ. ರೇಡಿಯೋ ಹುಡುಗಿ ಕಣ್ಣೀರು ಹಾಕಿದಳು.

ಅದು ಪ್ರಸಾರವಾದದ್ದು ಅಕ್ಕ ಊರಿಗೆ ಮರಳಿದ ಮೇಲೆ, ಒಂದು ಸಂಜೆ, ಹಾಲು ಹಿಂಡುವ ಹೊತ್ತಿಗೆ. ಅಕ್ಕ ಫೋನಿನಲ್ಲಿ ರೇಡಿಯೋ ಹಚ್ಚಿ ಎಮ್ಮೆಯ ಮಗ್ಗುಲಿಗೆ ತೂಗುಹಾಕಿ ಹಿಂಡಲು ಕೂತಳಂತೆ. ಅವ್ವನ ಎಮ್ಮೆಯ ಮರಿಮೊಮ್ಮಗಳು ಅದು. ಮುಗಿದೊಡನೆ ಫೋನು ಬಂತು.

"ಹೆಂಗ ಆತು?" ಎಂದೆ, ಹೊಗಳಿಕೆಗೆ ಕಿವಿಕೊಟ್ಟು.

"ನನ್ನ ದನಿ ಇರೂತನಕ ಚಂದಂಗ ಹಾಲ ಇಳಿಸಿತು. ನೀ ಕಟ್ಟಿದ ಎರಡು ಸಾಲು ಬಂದ ಕೂಡಲೇ ಒದ್ದು ಚರಿಗಿ ಉರುಳಿಸ್ತು."

"ಅದಕ್ಕೇನ ತಿಳೀತದ?"

"ಅವರ ಮನಿತನದ ಹಾಡದು. ಅದಕ್ಕಲ್ಲದ ನಿನಗ ತಿಳೀತದೇನ?"

ಮರುದಿನ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋಗಿ ಎಮ್ಮೆಯ ಮುಂದೆ ನಿಂತು ನಾನೇ ಹಾಡಿದೆ. ಮತ್ತೆ ಒದ್ದಿತು. ಆವತ್ತಿನಿಂದ ಪ್ರತಿ ರವಿವಾರ ಹೋಗುತ್ತೇನೆ. ಅಕ್ಕ ರೊಟ್ಟಿ ಬಡಿದಿಟ್ಟು ಬಾಗಿಲಲ್ಲೇ ಕಾಯುತ್ತಿರುತ್ತಾಳೆ. ನಾನು ಕೊನೆಯ ಸಾಲು ತಿದ್ದಿಕೊಂಡು ಹೋಗಿರುತ್ತೇನೆ. ಕಾಕು ಚರಿಗೆ ಹಿಡಿದು ದೂರ ನಿಲ್ಲುತ್ತಾಳೆ.

ಎಮ್ಮೆ ಇನ್ನೂ ಒಪ್ಪಿಲ್ಲ. ನಾನೂ ಬಿಟ್ಟಿಲ್ಲ.